ಹುಮನಾಬಾದಿನ ದಪ್ಪ ತಂತಿ

ಕಳೆದ ತಿಂಗಳು ತಮ್ಮನ ಮನೆಗೆಂದು ಹುಮನಾಬಾದಿಗೆ ಹೋಗಿದ್ದೆ. ಅವನು ಈಗೀಗ ಅಲ್ಲಿ ಮನೆ ಕಟ್ಟಿಸಿದ್ದಾನೆ. ಹಿತ್ತಲಲ್ಲಿ ಅವರೆ ಬಳ್ಳಿಗೆ ಚಪ್ಪರ ಹಾಕುತ್ತಿದ್ದ, ಅದೂ ಸೊಟ್ಟಂಬಟ್ಟ. ಅಂಥದ್ದನ್ನು ನೋಡಿಕೊಂಡು ಸುಮ್ಮನೆ ಚಹಾ ಕುಡಿಯುವವಳಲ್ಲ ನಾನು. "ಕೊಡು ಇಲ್ಲೆ, ನಿನ್ನ ಕೈಲೆ ಆಗೂ ಕೆಲಸಲ್ಲ ಇದು" ಎಂದು ತಂತಿಯ ಸುರುಳಿ ಕಸಿದುಕೊಂಡು ನಾನೇ ಬಿಗಿದು ಕಟ್ಟಿದೆ. ಮಳೆಗೆ ನೆನೆದ ತಂತಿ. ಕೆಲಸ ಮುಗಿಸಿ ಸೆರಗು ಸರಿಮಾಡಿಕೊಳ್ಳುವಾಗ ಬೆರಳು ಮೂಗಿನ ಹತ್ತಿರ ಬಂತು. ತುಕ್ಕು, ಬೆವರು, ಕಬ್ಬಿಣದ ವಾಸನೆ. ಅಷ್ಟು ಸಾಕಾಯಿತು. ಎಂದೋ ಆರಿಹೋಯಿತು ಅಂದುಕೊಂಡಿದ್ದ ಹೊಟ್ಟೆಕಿಚ್ಚು ಭಗ್ಗೆಂದು ಹತ್ತಿಕೊಂಡಿತು.

"ಯಾಕಕ್ಕಾ, ಮಾರಿ ಯಾಕ ಹಂಗ ಮಾಡ್ದಿ?" ಎಂದ ತಮ್ಮ.

"ಏನಿಲ್ಲ. ನಿಮ್ಮ ಹುಮನಾಬಾದ ನನಗ ಮೊದಲಿಂದನೂ ಆಗಿ ಬಂದಿಲ್ಲ" ಎಂದೆ.

ಅದು ತೊಂಬತ್ತೆಂಟರ ಮಳೆಗಾಲ. ನಾವು ಬಸವಕಲ್ಯಾಣದಲ್ಲಿದ್ದೆವು. ಕೋಟೆಗೆ ಹೋಗುವ ದಾರಿಯಲ್ಲಿ ಇವರದೊಂದು ರೇಡಿಯೋ, ಟೇಪ್ ರಿಕಾರ್ಡರ್ ರಿಪೇರಿ ಅಂಗಡಿ ಇತ್ತು. ಇವರು ಅಂದರೆ ನಮ್ಮ ಮನೆಯವರು. ಊರವರು ರಾಜಣ್ಣ ಅನ್ನುತ್ತಾರೆ, ನಾನು ಹೆಸರು ಹಿಡಿದು ಕರೆದವಳಲ್ಲ. ಅಂಗಡಿ ಹೊಟ್ಟೆಪಾಡಿಗೆ. ಜೀವ ಇದ್ದದ್ದು ನಮ್ಮ ಆರ್ಕೆಸ್ಟ್ರಾದಲ್ಲಿ. ದೊಡ್ಡ ಹೆಸರು ನೋಡಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಖಾದರ್ ಚಾಚಾನ ಹಾರ್ಮೋನಿಯಂ, ಒಂದು ತಬಲಾ, ಇವರ ಗಿಟಾರು, ನನ್ನ ದನಿ, ಇಷ್ಟೇ. ಮದುವೆ, ಗಣಪತಿ, ಶಾಲೆಯ ಗ್ಯಾದರಿಂಗು ಎಲ್ಲಿ ಕರೆದರೂ ಹೋಗುತ್ತಿದ್ದೆವು. ಬೀದರ ಜಿಲ್ಲೆಯಲ್ಲಿ ವಚನಕ್ಕೆ ಗಿಟಾರು ಹಚ್ಚಿದವರು ನಾವೇ ಮೊದಲು ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ. ಇವತ್ತಿಗೂ ಹೇಳುತ್ತೇನೆ, ಯಾರು ಬೇಡ ಅನ್ನುತ್ತಾರೋ ನೋಡೋಣ.

ಆ ಗಿಟಾರನ್ನು ಇವರು ಮದುವೆಗೂ ಮೊದಲು ಹೈದರಾಬಾದಿನಿಂದ ತಂದಿದ್ದರು. ಮಾಮೂಲಿ ಗಿಟಾರಿಗೆ ಹೊಟ್ಟೆಯಲ್ಲಿ ಒಂದು ದುಂಡು ತೂತು ಇರುತ್ತದಲ್ಲ, ಇದಕ್ಕೆ ಪಿಟೀಲಿಗೆ ಇರುವ ಹಾಗೆ ಎರಡು ಕಡೆ ಎರಡು ಸೀಳು. ಹೊಟ್ಟೆಯೂ ತುಸು ಉಬ್ಬು. ಅಂಗಡಿಯವನು ಜಾಜ್ ಗಿಟಾರ್ ಎಂದು ಹೇಳಿ ಮಾರಿದ್ದನಂತೆ. ಜಾಜ್ ಅಂದರೆ ಏನು ಎಂದು ಇವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸವಕಲ್ಯಾಣಕ್ಕೆ ಬಂದ ಮೇಲೆ ಅದು ಜಾಜ್ ಬಿಟ್ಟು ಬೇರೆಲ್ಲ ಬಾರಿಸಿತು.

ಅದನ್ನು ಬಾರಿಸುವ ನಮ್ಮ ಪದ್ಧತಿಯೇ ಬೇರೆ ಇತ್ತು. ನನ್ನ ದನಿ ಮೊದಲಿಂದಲೂ ಗಡಸು. ಹಾರ್ಮೋನಿಯಂನ ಮೂರನೇ ಕರಿ ಮನೆ ನನ್ನ ಷಡ್ಜ. ಕಾಳಿ ಮೂರು ಅನ್ನುತ್ತಾರೆ ನಮ್ಮ ಕಡೆ. ಕಾರ್ಯಕ್ರಮಕ್ಕೆ ಮುಂಚೆ ಖಾದರ್ ಚಾಚಾ ಆ ಮನೆ ಒತ್ತಿ ಹಿಡಿಯುತ್ತಿದ್ದ, ಇವರು ತಂತಿ ಬಿಗಿಯುವ ಕಿವಿ ತಿರುವಿ ತಿರುವಿ ಗಿಟಾರಿನ ಎಲ್ಲ ತಂತಿಗಳನ್ನೂ ಅಲ್ಲಿಗೆ ಏರಿಸುತ್ತಿದ್ದರು. ತಂಬೂರಿಗೆ ಮಾಡುವ ಹಾಗೆಯೇ. ತಂತಿಗಳು ತೀರ ತೆಳು, ಕೂದಲಿನಂಥವು. ನಾನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದರೆ ಇವರು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಅದೇ ಮೀಂಡನ್ನು ಹಿಡಿದುಕೊಂಡು ಬರುತ್ತಿದ್ದರು. ನಾನು ಎಲ್ಲಿ ಹೋದರೂ ಬೆನ್ನ ಹಿಂದೆ. ಸಂಗತ್ ಅಂದರೆ ಹಾಗಿರಬೇಕು ಎಂದು ಜನ ಹೊಗಳುತ್ತಿದ್ದರು. ಮನೆಯಲ್ಲಿ ನಾವು ಮಾತಾಡಿದ್ದಕ್ಕಿಂತ ವೇದಿಕೆಯ ಮೇಲೆ ಹಾಗೆ ಮಾತಾಡಿದ್ದೇ ಹೆಚ್ಚು. ನನಗೆ ಮಕ್ಕಳಿಲ್ಲ. ಸೀರೆ, ಬಂಗಾರದ ಆಸೆಯೂ ಅಷ್ಟಕ್ಕಷ್ಟೇ. ನನ್ನದು ಅಂತ ಇದ್ದದ್ದು ಅದೊಂದೇ, ನನ್ನ ದನಿಯ ಬೆನ್ನು ಬಿಡದ ಆ ತಂತಿ.

ಆ ವರ್ಷ ಮಿರುಗನ ಮಳೆ, ಅದೇ ಮೃಗಶಿರೆಯದು, ಹೊತ್ತಿಗೆ ಸರಿಯಾಗಿ ಬಂತು, ಬಂದದ್ದು ಬಿಡಲೇ ಇಲ್ಲ. ಗೋಡೆ ಜಿನುಗಿತು, ಹಪ್ಪಳಕ್ಕೆ ಬೂಸು ಬಂತು, ಗಿಟಾರಿನ ತಂತಿಗೆ ತುಕ್ಕು ಹಿಡಿಯಿತು. ಚಿಟಗುಪ್ಪದಲ್ಲಿ ಒಂದು ಮದುವೆ, ಮುಹೂರ್ತಗಳು ಮುಗಿಯುವ ಕೊನೆಯ ಹೊತ್ತಿನದು. ಅಕ್ಕಿಕಾಳು ಬಿದ್ದು ಜನ ಊಟಕ್ಕೆ ಕೂತಿದ್ದರು. ನಾನು ಒಂದು ವಚನದ ಎತ್ತರದ ಜಾಗಕ್ಕೆ ಏರಿದ್ದೆ. ಟಣ್ ಎಂದಿತು. ಮೊದಲ ತಂತಿ ಕಡಿದು ಇವರ ಕೆನ್ನೆಗೆ ಬಡಿಯಿತು. ನಾನು ಮೇಲೆ ಒಬ್ಬಳೇ ಉಳಿದೆ. ಹೇಗೋ ಇಳಿದು ಬಂದೆ, ಉಂಡು ಏಳುವವರಿಗೆ ಏನೂ ಗೊತ್ತಾಗಲಿಲ್ಲ. ನನಗೆ ಮಾತ್ರ ನಡು ಬಾವಿಯಲ್ಲಿ ಹಗ್ಗ ಬಿಟ್ಟಂತಾಗಿತ್ತು.

ಆಗ ಖಾದರ್ ಚಾಚಾ ಬಾಯಿ ಹಾಕಿದ. "ರಾಜಣ್ಣ, ಹೈದರಾಬಾದ ತನಕ ಯಾಕ ಹೋಗ್ತಿ? ಹುಮನಾಬಾದದಾಗ ಒಬ್ಬರು ಟೀಚರ್ ಅದಾರ, ಎಸ್ತರ್ ಅಂತ. ಅವರ ವಾಲಿದ್ ಸಿಕಂದರಾಬಾದದಾಗ ರೇಲ್ವೇದಾಗಿದ್ರು, ಸಾಹೇಬರ ಕ್ಲಬ್ಬಿನಾಗ ಗಿಟಾರ್ ಬಾರಸ್ತಿದ್ರು. ಗುಜರ್ ಗಯೇ ಬಿಚಾರೆ, ತೀರಿಕೊಂಡ್ರು. ಈಗ ಮಗಳು ಬಾರಸ್ತಾಳ. ಥರಾಥರದ ತಂತಿ ಅದಾವ ಆಕಿ ಹತ್ರ. ಜರಾ ಹೋಗಿ ನೋಡು."

ಆ ಮುದುಕನ ಬಾಯಿಗೆ ಅವತ್ತೇ ಒಂದು ಹೋಳಿಗೆ ತುರುಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮುಂದಿನ ಭಾನುವಾರ ಇವರು ಗಿಟಾರಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಹುಮನಾಬಾದಿನ ಬಸ್ಸು ಹತ್ತಿದರು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ನೋಡಿದರೆ ಗಿಟಾರಿನಲ್ಲಿ ಅದೇ ಕಡಿದ ತಂತಿ ಜೋತಾಡುತ್ತಿದೆ.

"ತಂತಿ ಎಲ್ರಿ?"

"ತಂದಿಲ್ಲ."

"ಇರಲಿಲ್ಲೇನು ಅವರ ಹತ್ರ?"

"ಅದಾವ. ಭಾಳ ಅದಾವ. ಒಮ್ಮೆಲೆ ತಗೋಬ್ಯಾಡ್ರಿ, ಮೊದಲ ಎಲ್ಲಾ ಕಿವಿಲೆ ಕೇಳ್ರಿ, ಆಮ್ಯಾಲ ಆರಸ್ರಿ ಅಂದ್ರು ಟೀಚರ್."

ಇವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತು ಊಟಕ್ಕೆ ಕೂತವರು ಬಾಯಿ ಮುಚ್ಚಲಿಲ್ಲ. ತಂತಿಗಳಲ್ಲಿ ಜಾತಿಗಳಿವೆಯಂತೆ. ನಮ್ಮಂಥವು ದುಂಡು ಸುತ್ತಿನವು. ಒಳಗಿನ ತಂತಿಯ ಮೇಲೆ ಇನ್ನೊಂದು ಸಣ್ಣ ತಂತಿ ಸುತ್ತಿರುತ್ತಾರೆ, ಬೆರಳು ಜಾರಿದಾಗ ಚುಂಯ್ ಎಂದು ಕಿರುಚುತ್ತವೆ. ಎಸ್ತರ್ ಟೀಚರ್ ಹತ್ತಿರ ಇರುವವು ಚಪ್ಪಟೆ ಸುತ್ತಿನವು. ದಪ್ಪ, ನುಣುಪು. ಟೀಚರ್ ಪಾಕೀಟಿನ ಮೇಲಿನದ್ದು ಓದುವುದೇ ಇಲ್ಲವಂತೆ, ಹೆಬ್ಬೆರಳ ಉಗುರನ್ನು ತಂತಿಯುದ್ದಕ್ಕೂ ಎಳೆದು ಅದು ಕಿರುಚುತ್ತದೋ ಸುಮ್ಮನಿರುತ್ತದೋ ನೋಡುತ್ತಾರಂತೆ. ಅವರ ಅಪ್ಪನ ಗಿಟಾರೂ ಇಂಥದ್ದೇ ಎರಡು ಸೀಳಿನದ್ದು. ಇಂಥ ಗಿಟಾರು ಹುಟ್ಟಿರುವುದೇ ಆ ತಂತಿಗಾಗಿಯಂತೆ.

"ನಂದಾ, ನೀ ಕೇಳಬೇಕಿತ್ತು ಆ ಆವಾಜ. ತುಂಬಿದ ಕೊಡದ ಮ್ಯಾಲ ಬೆರಳಲೆ ಬಡದಂಗ. ಮಿಂಚೇ ಇಲ್ಲ ಅದರಾಗ. ಬರೇ ದುಂಡಗ."

"ಸಾರು ಆರಾಕತ್ತೈತಿ, ಉಣ್ರಿ" ಎಂದೆ.

ಆಮೇಲೆ ಪ್ರತಿ ಭಾನುವಾರವೂ ಹುಮನಾಬಾದೇ. ಒಂದು ವಾರ ಈ ತಂತಿ ಕೇಳಲು, ಇನ್ನೊಂದು ವಾರ ಆ ತಂತಿ ಕೇಳಲು. ಹೆಣ್ಣು ನೋಡಲು ಸಹ ಯಾರೂ ಇಷ್ಟು ಸಲ ಹೋಗುವುದಿಲ್ಲ. ನನ್ನನ್ನು ಇವರು ನೋಡಲು ಬಂದದ್ದು ಒಂದೇ ಸಲ, ಅದೂ ಅವಲಕ್ಕಿ ಮುಗಿಯುವ ಮೊದಲೇ ಎದ್ದಿದ್ದರು. ಬರುವಾಗ ಟೀಚರ್ ಕೊಟ್ಟ ಕ್ಯಾಸೆಟ್ಟು ತರುತ್ತಿದ್ದರು. ಅದರಲ್ಲಿ ಹಾಡೇ ಇಲ್ಲ! ಬರೀ ಗಿಟಾರು, ಹಿಂದೆ ಧಂ ಧಂ ಅನ್ನುವ ಯಾವುದೋ ದೊಡ್ಡ ವಾದ್ಯ. ಅಂಗಡಿಯಲ್ಲಿ ಕೆಟ್ಟ ರೇಡಿಯೋಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಅದನ್ನೇ ಕೇಳುತ್ತ ಕೂರುತ್ತಿದ್ದರು. ಬುತ್ತಿ ಕೊಡಲು ಹೋದರೆ ನನ್ನನ್ನು ನೋಡಿಯೂ ನೋಡದ ಹಾಗೆ ಕೈ ಎತ್ತಿ ತಡೆ ಅನ್ನುತ್ತಿದ್ದರು. ಹಾಡಿಲ್ಲದ ಹಾಡಿಗೆ ನಾನು ಬುತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲಬೇಕೇ! ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಖಾದರ್ ಚಾಚಾನನ್ನು ಕೇಳಿಯೇಬಿಟ್ಟೆ. "ಚಾಚಾ, ಆ ಟೀಚರಮ್ಮ ನೋಡಾಕ ಹ್ಯಾಂಗದಾಳ?"

ಚಾಚಾ ಗಡ್ಡ ನೀವಿಕೊಂಡು ಯೋಚಿಸಿದ. "ಮಾಮೂಲಿ ಬೇಟಿ. ಒಣಕಲ ಮೈ, ಕಣ್ಣಿಗೆ ಚಾಳೀಸ್ ಹಾಕ್ತಾಳ. ಲಗ್ನ ಆಗಿಲ್ಲ. ಲೇಕಿನ್ ಕೈ ನೋಡಬೇಕು. ಕ್ಯಾ ಹಾಥ್ ಹೈ!"

ಚೆಲುವೆಯಾಗಿದ್ದರೆ ಬಣ್ಣಗಾರ್ತಿ, ಬಿನ್ನಾಣಗಿತ್ತಿ ಎಂದು ಬೈದುಕೊಂಡು ಹಗುರಾಗುತ್ತಿದ್ದೆ. ಒಣಕಲು ಮೈಗೆ, ಚಾಳೀಸಿಗೆ ಏನೆಂದು ಬೈಯುವುದು? ಕೈಗೆ ಬೈಯಲು ಬರುತ್ತದೆಯೇ? ಅಂದಿನಿಂದ ನನ್ನ ಹೊಟ್ಟೆಕಿಚ್ಚು ಇನ್ನಷ್ಟು ಜೋರಾಯಿತು. ರೊಟ್ಟಿ ಬಡಿಯುವಾಗ ನನ್ನ ಕೈ ನಾನೇ ನೋಡಿಕೊಳ್ಳುತ್ತಿದ್ದೆ.

ಶ್ರಾವಣದಲ್ಲಿ ಇವರು ಕೊನೆಗೂ ಆರಿಸಿದರು. ಒಂದು ಭಾನುವಾರ ದಪ್ಪ ತಂತಿಗಳ ಒಂದು ಸೆಟ್ಟು ಬಂತು. ಸುರುಳಿ ಬಿಚ್ಚಿ ನನ್ನ ಕೈಗೆ ಕೊಟ್ಟು ನೋಡು ಅಂದರು. ನುಣ್ಣಗಿತ್ತು, ಹಾವಿನ ಹಾಗೆ. ಮುಟ್ಟಿದ್ದೇ ತಡ ತಿರುಗಿ ಇವರ ಕೈಗಿಟ್ಟೆ. ಇವರು ಒಂದೊಂದಾಗಿ ಏರಿಸಿದರು. ಮರುದಿನ ತಾಲೀಮಿಗೆ ಎಲ್ಲರೂ ನಮ್ಮ ಪಡಸಾಲೆಗೆ ಬಂದರು. ಖಾದರ್ ಚಾಚಾ ಎಂದಿನಂತೆ ಕಾಳಿ ಮೂರು ಒತ್ತಿ ಹಿಡಿದ. ಇವರೂ ಎಂದಿನಂತೆ ಕಿವಿ ತಿರುವತೊಡಗಿದರು. ವರ್ಷಗಟ್ಟಲೆ ಮಾಡಿದ್ದೇ ಅದು, ತಂತಿ ಯಾವುದಾದರೇನು, ಬಾಯಿಯ ಸುರಕ್ಕೆ ವಾದ್ಯ ಬರಬೇಕು. ತೆಳು ತಂತಿ ಹೂಂ ಅಂದುಕೊಂಡು ಬರುತ್ತಿತ್ತು. ಇದು ಬರಲೊಲ್ಲದು. ಇವರು ಹಲ್ಲು ಕಚ್ಚಿ ತಿರುವಿದರು. ಮರ ಮಳೆಯಲ್ಲಿ ಮೊದಲೇ ಮೆತ್ತಗಾಗಿತ್ತು. ಢಬ್ ಎಂದು ಸದ್ದಾಯಿತು! ತಂತಿಗಳ ಬುಡ ಹಿಡಿದಿದ್ದ ತಗಡು ತಿರುಪಿನ ಸಮೇತ ಕಿತ್ತುಕೊಂಡು ಬಂತು, ತಂತಿಯ ಕೆಳಗಿನ ಮರದ ಕುದುರೆ ಹಾರಿ ತಬಲಾದ ಮೇಲೆ ಬಿತ್ತು, ತಬಲಜಿ ಯವ್ವಾ ಎಂದು ಚೀರಿ ಎದ್ದು ನಿಂತ.

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಮುಖದ ಮೇಲೆ ತೋರಿಸಬಾರದೆಂದು ಅಡುಗೆಮನೆಗೆ ಓಡಿದೆ. ಓಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಎಲ್ಲರಿಗೂ ಚಹಾಕ್ಕೆ ಅವತ್ತು ಕೈ ಬಿಚ್ಚಿ ಸಕ್ಕರೆ ಹಾಕಿದೆ.

"ಹೋಗ್ಲಿ ಬಿಡ್ರಿ, ನಮ್ಮ ಗಿಟಾರಿಗೆ ಒಗ್ಗೂದಿಲ್ಲ ಅದು. ಮೊದಲಿಂದೇ ಹಾಕ್ಕೊಳ್ರಿ" ಎಂದೆ, ಬಹಳ ಮರುಗಿದವಳ ಹಾಗೆ.

ಇವರು ಗಿಟಾರು ಎತ್ತಿಕೊಂಡು ಎದ್ದರು. ಬಡಿಗೇರ ಹತ್ತಿರ ಹೋಗಿ ತಗಡನ್ನು ಗಟ್ಟಿಯಾಗಿ ಕೂರಿಸಿಕೊಂಡು ಬಂದರು. ಭಾನುವಾರ ಮತ್ತೆ ಹುಮನಾಬಾದು. ತಿರುಗಿ ಬಂದವರೇ ದಪ್ಪ ತಂತಿಗಳನ್ನೇ ಏರಿಸಿದರು, ಆದರೆ ಕಾಳಿ ಮೂರರ ತನಕ ತರಲಿಲ್ಲ. ಕೆಳಗೇ ನಿಲ್ಲಿಸಿದರು.

"ಇನ್ನೂ ಏರಸ್ರಿ. ನನ್ನ ಸುರ ಎಲ್ಲೈತಿ, ನೀವೆಲ್ಲದೀರಿ" ಎಂದೆ.

"ಇನ್ನ ಏರಸೂದಿಲ್ಲ. ಹಿಂಗೇ ಸುರ ಮಾಡಿದ್ರ ಯಾವ ಗಿಟಾರೂ ಉಳಿಯೂದಿಲ್ಲ ಅಂದ್ರು ಟೀಚರ್. ಗಿಟಾರ್ ಅದರ ಜಾಗಾದಾಗ ಅದು ಇರ್ತೈತಿ. ನಾ ಬೆರಳು ಎರಡು ಮನಿ ಮ್ಯಾಲ ಸರಿಸಿ ನಿನ್ನ ಸುರ ಹಿಡೀತೀನಿ."

ನೀವು ಹೇಳಬಹುದು, ಅದರಲ್ಲೇನಿದೆ, ಸುರ ಸಿಕ್ಕರಾಯಿತಲ್ಲ ಎಂದು. ನನಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ಆ ವಾದ್ಯ ನನ್ನ ಗಂಟಲಿಗೆ ತಕ್ಕ ಹಾಗೆ ಮೈ ಬಿಗಿದುಕೊಳ್ಳುತ್ತಿತ್ತು. ಈಗ ಅದರ ಜಾಗದಲ್ಲಿ ಅದಂತೆ! ಯಾವಳೋ ಬಂದು ಅದಕ್ಕೊಂದು ಜಾಗ ತೋರಿಸಿಕೊಟ್ಟಿದ್ದಳು. ಇನ್ನೂ ಒಂದು ಸಂಕಟ ಇತ್ತು. ದಪ್ಪ ತಂತಿಯನ್ನು ಪಕ್ಕಕ್ಕೆ ಎಳೆಯಲು ಆಗುವುದಿಲ್ಲ. ಮೀಂಡು ಬರುವುದಿಲ್ಲ. ನಾನು ಜಾರಿದಲ್ಲಿ ಜಾರಲು ಅದಕ್ಕೆ ಬರುವುದಿಲ್ಲ.

"ಹಂಗಾದ್ರ ನಾ ಹಾಡುವಾಗ ನೀವೇನ್ ಮಾಡವರು?"

"ನೀ ಹಾಡು. ನಾ ಕೆಳಗ ನಿಂತಿರ್ತೀನಿ. ಮೂರು ನಾಕು ಸ್ವರ ಕೂಡಿಸಿ ಒಮ್ಮೆಲೆ ಬಾರಸ್ತೀನಿ. ನೆಲ ಇದ್ದಂಗ."

"ನನಗ ನೆಲ ಬ್ಯಾಡ್ರಿ. ಇಷ್ಟು ವರ್ಷ ಬೆನ್ನ ಹಿಂದ ಬಂದಂಗ ಬರ್ರಿ."

ಇವರು ಗಿಟಾರು ಒರೆಸುತ್ತ ತಲೆ ಎತ್ತದೆ ಅಂದರು, "ಬೆನ್ನ ಹಿಂದ ಓಡಿ ಓಡಿ ದಣದೀನಿ ನಂದಾ."

ಅವತ್ತು ರೊಟ್ಟಿ ಸುಟ್ಟು ಕರಕಾದವು. ಬೇಕೆಂದೇ ಸುಟ್ಟೆ. ಇವರು ಕರಕನ್ನು ಕೆರೆದು ಹಾಕಿ ಉಂಡು ಎದ್ದರು.

ಭಾದ್ರಪದದಲ್ಲಿ ಹುಮನಾಬಾದಿನ ಮಾರುಕಟ್ಟೆಯ ವ್ಯಾಪಾರಿಗಳು ಗಣಪತಿ ಕೂರಿಸಿ ನಮ್ಮನ್ನು ಕರೆದರು. ಬೇರೆ ಯಾವ ಊರಾದರೂ ಆಗಬಾರದಿತ್ತೇ! ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿಗೆ ಬಿದ್ದಾಗಿನಿಂದ ನನಗೆ ಒಂದೇ ಯೋಚನೆ, ಅವಳು ಬರುತ್ತಾಳೆ. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದೆ, ಸೆರಗಿಗೆ ಪಿನ್ನು ಹಾಕುವಾಗ ಎರಡು ಸಲ ಬೆರಳಿಗೆ ಚುಚ್ಚಿಕೊಂಡಿದ್ದೆ. ಸಂಜೆ ಮಳೆ ಬಿಟ್ಟಿತ್ತು. ದುಬಲಗುಂಡಿ, ಘಾಟಬೋರಾಳದ ಕಡೆಯಿಂದಲೂ ಜನ ಟ್ರ್ಯಾಕ್ಟರು ಕಟ್ಟಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಹೆಂಗಸರ ಕಡೆ ಒಣಕಲು ಮೈಯವಳೊಬ್ಬಳು ಕೂತಿದ್ದಳು. ಬಿಳಿ ಸೀರೆ, ಚಾಳೀಸು. ತೊಡೆಯ ಮೇಲಿನ ಕೈಗಳನ್ನು ನಾನು ಮೊದಲು ನೋಡಿದೆ.

ಹಾಡಲು ಶುರುಮಾಡಿದೆ. ಕೆಳಗಿನಿಂದ ಗಿಟಾರಿನ ದನಿ ಬಂತು. ದುಂಡಗೆ, ಮಂದವಾಗಿ, ಒಂದೊಂದು ಸಲ, ನಡುವೆ ತೆರಪು ಬಿಟ್ಟು. ನಾನು ಎತ್ತರಕ್ಕೆ ಏರಿ ಅಲ್ಲಿಂದ ಜಾರತೊಡಗಿದಾಗ ಅಭ್ಯಾಸಬಲದಿಂದ ಬೆನ್ನ ಹಿಂದೆ ಕಿವಿ ಕೊಟ್ಟೆ. ಯಾರೂ ಇಲ್ಲ. ಒಬ್ಬಳೇ. ಕಾಲಡಿಯ ಗಿಟಾರು ಅಲ್ಲೇ ಇತ್ತು, ಜತೆಗೆ ಬರಲಿಲ್ಲ ಅಷ್ಟೇ. ಹೆದರಿಕೆಗೆ ಮೀಂಡನ್ನು ಅರ್ಧಕ್ಕೇ ಬಿಟ್ಟು ನೇರ ಸ್ವರದ ಮೇಲೆ ನಿಂತುಬಿಟ್ಟೆ. ಆಮೇಲೆ ಚಪ್ಪಾಳೆ ಬಿತ್ತು ನೋಡಿ, ಅಂಥ ಚಪ್ಪಾಳೆ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಗಣಪತಿ ಕಮಿಟಿಯ ಹಿರಿಯರು ಶಾಲು ಹೊದಿಸುವಾಗ ಅಂದರು, "ಅಕ್ಕೋರೆ, ಹ್ವಾದ ವರ್ಷನೂ ನಿಮ್ಮ ಹಾಡು ಕೇಳೀವಿ. ಇವತ್ತು ನಿಮ್ಮ ದನಿ ಸ್ವಚ್ಛ ಕೇಳ್ತು ನೋಡ್ರಿ. ಮೊದಲ ಗಿಟಾರ್ ಯಾವುದು ದನಿ ಯಾವುದು ತಿಳೀತಿರಲಿಲ್ಲ."

ಹೊಗಳಿದರೋ ಹೊಟ್ಟೆಗೆ ಚೂರಿ ಹಾಕಿದರೋ! ತಿಳಿಯುತ್ತಿರಲಿಲ್ಲ ಅನ್ನುವುದೇ ನನ್ನ ಹೆಮ್ಮೆಯಾಗಿತ್ತು. ಶಾಲು ಮಡಚಿಕೊಂಡು ವೇದಿಕೆ ಇಳಿದರೆ ಅವಳೇ ಎದುರಿಗೆ ಬಂದಳು.

"ನಮಸ್ಕಾರ್ರಿ ಅಕ್ಕಾರೆ. ನಾ ಎಸ್ತರ್. ಸರ್ ನಿಮ್ಮ ಬಗ್ಗೆ ಭಾಳ ಹೇಳ್ತಿರ್ತಾರ."

"ಹೌದೇನ್ರಿ? ನಿಮ್ಮ ಬಗ್ಗೆನೂ ಭಾಳ ಹೇಳ್ತಾರ್ರಿ, ಮನಿಗೆ ಬಂದ್ರ ಬ್ಯಾರೆ ಮಾತೇ ಇಲ್ಲ."

ಅವಳಿಗೆ ಚುಚ್ಚಿತೋ ಇಲ್ಲವೋ, ನಕ್ಕಳು. "ತಂತಿ ಹ್ಯಾಂಗದಾವ್ರಿ? ನಿಮಗ ಅಡ್ಡ ಬರಲಿಲ್ಲಲ್ಲ?"

"ನಮ್ಮ ನಡುವ ಅಡ್ಡ ಬಂದದ್ದು ತಂತಿ ಅಲ್ಲ ಬಿಡ್ರಿ" ಅಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಚಾಳೀಸು ತೆಗೆದು ಒರೆಸಿಕೊಂಡು ಹೊರಟುಹೋದಳು. ನನಗೆ ಸ್ವಲ್ಪ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದು ನೇರವಾಗಿ ಹೇಳಿದೆ. "ನೋಡ್ರಿ, ಎರಡೇ ಮಾತು. ಒಂದಾ ಆ ದಪ್ಪ ತಂತಿ ಇರಬೇಕು, ಒಂದಾ ನನ್ನ ಹಾಡಿರಬೇಕು. ನವರಾತ್ರಿಗೆ ನಮ್ಮೂರಾಗ ಕಾರ್ಯಕ್ರಮ ಐತಿ. ಮೊದಲಿನಂಗ ತೆಳು ತಂತಿ ಹಾಕಿ, ಕಾಳಿ ಮೂರಕ್ಕ ತಂದು, ಮೊದಲಿನಂಗ ಬಾರಿಸಿದ್ರ ಹಾಡ್ತೀನಿ. ಇಲ್ಲಂದ್ರ ಆ ಎಸ್ತರ್ ಟೀಚರನ್ನೇ ಕರಕೊಂಡು ಬಂದು ಹಾಡಸ್ರಿ."

ಜಗಳ ಆಡುತ್ತಾರೆ, ಆಮೇಲೆ ನಾನು ಅಳುತ್ತೇನೆ, ಆಮೇಲೆ ಏನಾದರೂ ಒಂದು ಆಗುತ್ತದೆ ಅಂದುಕೊಂಡಿದ್ದೆ. ಇವರು "ಹಾಕ್ತೀನಿ ಬಿಡು, ಅದಕ್ಯಾಕ ಇಷ್ಟು ಒದರ್ತಿ" ಎಂದರು. ಸೋಲಾಪುರಕ್ಕೆ ಹೋಗುವವರ ಕೈಯಲ್ಲಿ ಹೇಳಿ ತೆಳು ತಂತಿ ತರಿಸಿದರು. ದಪ್ಪ ತಂತಿಗಳನ್ನು ಬಿಚ್ಚಿ, ಒಂದೊಂದನ್ನೇ ಒಣ ಬಟ್ಟೆಯಿಂದ ಒರೆಸಿ, ಸುರುಳಿ ಸುತ್ತಿದರು. ಬಸಿರಿ ಹೆಂಗಸಿನ ಕಾಲೊತ್ತಿದಷ್ಟು ನಾಜೂಕಿನಿಂದ ಒರೆಸಿದರು. ನಾನು ನೋಡುತ್ತಿದ್ದೆ.

ನವರಾತ್ರಿಯ ಕಾರ್ಯಕ್ರಮದಲ್ಲಿ ಇವರು ನಾನು ಹೇಳಿದ ಹಾಗೆಯೇ ಬಾರಿಸಿದರು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಜಾರಿದಲ್ಲಿ ಜಾರಿದರು, ನಿಂತಲ್ಲಿ ನಿಂತರು, ತಿರುಗಿದಲ್ಲಿ ತಿರುಗಿದರು. ಬೇಕೆಂದೇ ಒಂದು ವಕ್ರ ಜಾಗಕ್ಕೆ ಹೋದೆ, ಅಲ್ಲಿಗೂ ಬಂದರು. ಸಾಹೇಬರ ಹಿಂದೆ ಫೈಲು ಹಿಡಿದುಕೊಂಡು ಬರುವ ಜವಾನನ ಹಾಗೆ. ಊರವರು ಭೇಷ್ ಅಂದರು. ಖಾದರ್ ಚಾಚಾ ಮಾತ್ರ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚುವಾಗ ನನ್ನ ಕಡೆ ನೋಡಲಿಲ್ಲ.

"ಹ್ಯಾಂಗಿತ್ರಿ?" ಎಂದು ಕೇಳಿದೆ, ಮನೆಗೆ ಬರುವಾಗ.

"ನೀ ಹೇಳಿದಂಗ ಬಾರಸೀನಲ್ಲ?"

"ಹೂಂ, ಬಾರಸೀರಿ."

"ಮತ್ತ?"

ಮತ್ತೇನಿಲ್ಲ. ಗೆದ್ದಿದ್ದೆ. ಗೆದ್ದ ಮೇಲೆ ನಿದ್ದೆ ಬರಬೇಕಿತ್ತು, ಬರಲಿಲ್ಲ.

ದಸರೆ ಕಳೆದ ಭಾನುವಾರ. ಮಳೆ ನಿಂತು ಬಿಸಿಲು ಬಿದ್ದಿತ್ತು, ಜೋಳ ಬಿತ್ತುವ ಗಡಿಬಿಡಿ ಎಲ್ಲರಿಗೂ. ಇವರು ಮಿಂದು, ಬಿಳಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿದರು. ಗಿಟಾರು ಗೋಡೆಗೆ ಒರಗಿತ್ತು, ತೆಳು ತಂತಿಯೊಂದಿಗೆ, ಕಾಳಿ ಮೂರರಲ್ಲಿ.

"ಎಲ್ಲಿಗ್ರಿ?"

"ಹುಮನಾಬಾದಕ್ಕ."

"ಗಿಟಾರ್ ಬಿಟ್ಟು ಹೊಂಟೀರಲ್ಲ?"

"ಅದು ನಿಂದು. ಇರಲಿ ಇಲ್ಲೇ" ಎಂದರು. ಸಿಟ್ಟಿಲ್ಲ, ಕೊಂಕಿಲ್ಲ. "ಅಲ್ಲೊಂದೈತಿ."

ಬಾಗಿಲಲ್ಲಿ ನಿಂತವಳು ನಿಂತೇ ಇದ್ದೆ. ಬೈಗುಳ ಬಾಯಿಗೆ ಬಂದು ಅಲ್ಲೇ ಒಣಗಿತು. ಗಿಟಾರನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಒಲೆಯ ಮೇಲಿನ ಬೇಳೆ ಇಳಿಸಿ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ಉಟ್ಟ ಸೀರೆಯಲ್ಲೇ ಮುಂದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಜೋಡಿಸಿಕೊಂಡೆ. ಇವರಿಗೆ ಬೇರೆ, ಅವಳಿಗೆ ಬೇರೆ. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಟೀಚರ್ ಮನೆ ಎಲ್ಲಿ ಎಂದು ಕೇಳಿದರೆ ಹಣ್ಣಿನ ಅಂಗಡಿಯವನು ಕೈ ಮಾಡಿ ತೋರಿಸಿದ. ಚರ್ಚಿನ ಹಿಂದಿನ ಓಣಿ, ಹಂಚಿನ ಮನೆ, ಬಾಗಿಲ ಮುಂದೆ ಬೇವಿನ ಗಿಡ.

ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಗಿಟಾರು ಕೇಳುತ್ತಿತ್ತು. ಬಡಿಯಲು ಎತ್ತಿದ ಕೈ ಹಾಗೇ ನಿಂತಿತು.

ಅದು ನಮ್ಮದೇ ವಚನ. ನಾನು ಸಾವಿರ ಸಲ ಹಾಡಿದ್ದು. ಹಾಡುವವರು ಯಾರೂ ಇಲ್ಲ, ಬರೀ ಗಿಟಾರು. ದುಂಡಗಿನ ಕಪ್ಪು ದನಿ. ಒಂದು ಸಾಲು ನಡೆದು ಬಂದು ನಿಲ್ಲುತ್ತಿತ್ತು, ಅದರ ಕೆಳಗೆ ನಾಲ್ಕು ಸ್ವರಗಳು ಕೂಡಿ ಏಳುತ್ತಿದ್ದವು, ಮತ್ತೆ ಸಾಲು ಬೇರೆ ದಾರಿ ಹಿಡಿದು ಹೊರಡುತ್ತಿತ್ತು. ನಾನು ಏರುವ ಜಾಗದಲ್ಲಿ ಅದು ಏರಲಿಲ್ಲ, ಇಳಿಯಿತು. ಅಲ್ಲಿ ಇಳಿಯಬಹುದು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಬೇವಿನ ಗಿಡಕ್ಕೆ ಕೈ ಕೊಟ್ಟು ನಿಂತುಬಿಟ್ಟೆ. ಜೋಡಿಸಿಕೊಂಡು ಬಂದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಖಾದರ್ ಚಾಚಾ ಹೇಳಿದ್ದು ಖರೆ, ಎಂಥ ಕೈ ಇದು! ಇಂಥ ಕೈಯವಳ ಎದುರು ನಾನೇನು ಜಗಳ ಆಡಲಿ? ಇವರು ಪ್ರತಿ ಭಾನುವಾರ ಓಡಿ ಬರುವುದರಲ್ಲಿ ತಪ್ಪೇನಿದೆ? ನಾನಾಗಿದ್ದರೆ ಬುಧವಾರವೂ ಬರುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ದುಃಖಕ್ಕೋ ಉರಿಗೋ ಗೊತ್ತಿಲ್ಲ. ಸೋತೆ ಎಂದು ಅಲ್ಲಿ, ಆ ಗಿಡದ ಕೆಳಗೆ, ಒಪ್ಪಿಕೊಂಡೆ.

"ಅಯ್ಯ ಅಕ್ಕಾರೆ! ಯಾವಾಗ ಬಂದ್ರಿ? ಹೊರಗ್ಯಾಕ ನಿಂತೀರಿ?"

ದನಿ ಬಂದದ್ದು ಬೆನ್ನ ಹಿಂದಿನಿಂದ. ತಿರುಗಿ ನೋಡಿದರೆ ಎಸ್ತರ್ ಟೀಚರ್, ಕೈಯಲ್ಲಿ ಕಾಯಿಪಲ್ಯದ ಚೀಲ, ಹಣೆಯ ಮೇಲೆ ಬೆವರು.

"ಸಂತಿಗೆ ಹೋಗಿದ್ದೆ. ಒಳಗ ನಮ್ಮ ಅವ್ವ ಅದಾಳ, ಆಕಿಗೆ ಕಿವಿ ಕೇಳೂದಿಲ್ಲ. ಬಾಗಿಲ ಬಡದ್ರೂ ತಿಳೀಲಿಲ್ಲೇನೋ. ಸರ್ ಅಂತೂ ಬಾರಸಾಕ ಕುಂತ್ರ ಮುಗೀತು, ಮನಿ ಬಿದ್ರೂ ಗೊತ್ತಾಗೂದಿಲ್ಲ ಅವರಿಗೆ."

ಒಳಗೆ ಗಿಟಾರು ನಿಂತಿರಲಿಲ್ಲ.

ನಾನು ಬಾಗಿಲ ಕಡೆ ನೋಡಿದೆ, ಅವಳ ಕೈಯಲ್ಲಿದ್ದ ಚೀಲ ನೋಡಿದೆ, ಮತ್ತೆ ಬಾಗಿಲ ಕಡೆ ನೋಡಿದೆ. ಅಲ್ಲಿಯ ತನಕ ಉರಿದದ್ದೆಲ್ಲ ಏನೂ ಅಲ್ಲ, ಉರಿ ಅಂದರೆ ಏನೆಂದು ಆಗ ತಿಳಿಯಿತು. ಹತ್ತು ವರ್ಷ ನನ್ನ ಬೆನ್ನ ಹಿಂದೆ ಕೂತವರು. ಅವರ ಬೆರಳುಗಳಿಗೆ ನಾನು ಬೇಕಾಗಿಯೇ ಇರಲಿಲ್ಲ. ನಾನಿಲ್ಲದಿದ್ದರೆ ಇಷ್ಟು ಚೆನ್ನಾಗಿ ಬಾರಿಸುತ್ತಾರೆ!

ಎಸ್ತರ್ ಬಾಗಿಲು ತೆರೆಯಲು ಹೋದಳು. ಅವಳ ಮುಂಗೈ ಹಿಡಿದು ನಿಲ್ಲಿಸಿದೆ.

"ತಡೀರಿ, ಮುಗೀಲಿ ಅದು" ಎಂದೆ.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಚೀಲದಲ್ಲಿದ್ದ ಮೆಂತೆಸೊಪ್ಪು ಇಬ್ಬರ ನಡುವೆ ಇತ್ತು. ನಾನು ಕಣ್ಣು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಅವಳ ಕಡೆ ತಿರುಗದೆ ಕೇಳಿದೆ.

"ಟೀಚರ್, ಆ ದಪ್ಪ ತಂತಿ ಇನ್ನೂ ಅದಾವೇನ್ರಿ ನಿಮ್ಮ ಹತ್ರ? ಇದ್ರ ನನಗೊಂದು ಸೆಟ್ ಕೊಡ್ರಿ. ಇವರು ಹಿಂಗ ಬಾರಸವರೇ ಇದ್ರ, ನಮ್ಮ ಮನ್ಯಾಗ ಬಾರಸ್ಲಿ."